ಗಡಸು ನೀರಿನ ಊರಲ್ಲಿ ಕಾಂಬಿ ಬಾಯ್ಲರ್ ಬದಲಿಸುವ ಮುನ್ನ: ಒಂದು ಸಮಗ್ರ ಮಾರ್ಗದರ್ಶಿ

ನಾನು ಬೆಳೆದದ್ದು ಕೋಲಾರದ ಕಡೆ. ಬೋರ್ ನೀರಲ್ಲಿ ಬೇಳೆ ಬೇಯಲ್ಲ ಅಂತ ಅಮ್ಮ ಅಡುಗೆಗೆ ಬೇರೆ ನೀರು ತರಿಸುತ್ತಿದ್ದರು. ಬಚ್ಚಲ ಹಂಡೆಯೊಳಗೆ ಕೈ ಹಾಕಿದರೆ ಬೆರಳಿಗೆ ಸುಣ್ಣದ ಹಕ್ಕಳೆ ತಾಗುತ್ತಿತ್ತು. ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಮನೆ ಕೊಂಡ ಮೇಲೆ ಅದೇ ಹಕ್ಕಳೆ ಕೆಟಲ್ ತಳದಲ್ಲಿ ಕಾಣಿಸಿತು. ನಮ್ಮನ್ನು ನೋಡಲು ಬಂದ ಅಮ್ಮ ಚಹಾದ ಮೇಲೆ ತೇಲುತ್ತಿದ್ದ ಕಂದು ಪೊರೆಯನ್ನು ನೋಡಿ, "ಇಷ್ಟು ದೂರ ಬಂದು ನಮ್ಮೂರ ನೀರನ್ನೇ ಕುಡೀತಿದ್ದೀಯಲ್ಲೋ" ಅಂದರು. ನಕ್ಕು ಸುಮ್ಮನಾದೆ. ಮುಂದಿನ ಜನವರಿಯಲ್ಲಿ ಶವರ್ ನಡುವೆ ನೀರು ತಣ್ಣಗಾಗತೊಡಗಿದಾಗ ಆ ಮಾತು ನೆನಪಾಯಿತು.

ಲಂಡನ್, ಕೆಂಟ್, ರೆಡಿಂಗ್, ಸ್ವಿಂಡನ್ ಸುತ್ತಮುತ್ತ ಮನೆ ಮಾಡಿರುವ ಕನ್ನಡಿಗರು ಕಡಿಮೆಯಿಲ್ಲ. ಕೋಣೆ ಬೆಚ್ಚಗಿಡುವ ರೇಡಿಯೇಟರ್‌ಗಳನ್ನೂ ನಲ್ಲಿಯ ಬಿಸಿನೀರನ್ನೂ ಒಂದೇ ಗ್ಯಾಸ್ ಪೆಟ್ಟಿಗೆಯಿಂದ ಕಾಯಿಸುವುದು ಕಾಂಬಿ ಬಾಯ್ಲರ್. ಅವರಲ್ಲಿ ಹಲವರ ಮನೆಯ ಕಾಂಬಿಗೆ ಹತ್ತು ಹದಿನೈದು ವರ್ಷ ಆಗಿರಬಹುದು. ಬದಲಿಸುವ ಹೊತ್ತಿಗೆ ಎಲ್ಲರೂ ಕೇಳುವ ಮೊದಲ ಪ್ರಶ್ನೆ "ಯಾವ ಕಂಪನಿದು ಒಳ್ಳೇದು?" ಗಡಸು ನೀರಿನ ಊರಲ್ಲಿ ಆ ಪ್ರಶ್ನೆ ಕೊನೆಗೆ ಬರಬೇಕು. ಮೊದಲು ನೀರು, ಆಮೇಲೆ ಹರಿವು, ಆಮೇಲೆ ಹಾಕುವ ಮನುಷ್ಯ. ಬ್ರಾಂಡ್ ಅದಕ್ಕೂ ಹಿಂದೆ.

ಹಂತ 1: ನಿಮ್ಮ ನೀರಿನ ಅಂಕಿ ತಿಳಿದುಕೊಳ್ಳಿ

ನಿಮ್ಮ ನೀರಿನ ಕಂಪನಿಯ ವೆಬ್‌ಸೈಟಿನಲ್ಲಿ ಪೋಸ್ಟ್‌ಕೋಡ್ ಹಾಕಿದರೆ ಗಡಸುತನದ ಅಂಕಿ ಸಿಗುತ್ತದೆ. ನೋಡಬೇಕಾದದ್ದು ಲೀಟರಿಗೆ ಎಷ್ಟು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬನೇಟ್ ಅನ್ನುವುದು. ಕೆಲವು ಕಡೆ ಕ್ಲಾರ್ಕ್ ಡಿಗ್ರಿ, ಫ್ರೆಂಚ್ ಡಿಗ್ರಿ ಅಂತ ಕೊಟ್ಟಿರುತ್ತಾರೆ. ಒಂದು ಕ್ಲಾರ್ಕ್ ಡಿಗ್ರಿ ಅಂದರೆ ಸುಮಾರು 14.3 ಮಿಲಿಗ್ರಾಂ, ಒಂದು ಫ್ರೆಂಚ್ ಡಿಗ್ರಿ ಅಂದರೆ 10 ಮಿಲಿಗ್ರಾಂ.

ಗಡಿ 200. ಅದಕ್ಕಿಂತ ಮೇಲಿದ್ದರೆ ಕಾಂಬಿ ಬಾಯ್ಲರ್‌ಗೆ ಹೋಗುವ ನೀರಿಗೆ ಸುಣ್ಣ ಕಟ್ಟದಂತೆ ಏನಾದರೂ ವ್ಯವಸ್ಥೆ ಮಾಡಬೇಕು ಅಂತ ಇಂಗ್ಲೆಂಡಿನ ಕಟ್ಟಡ ನಿಯಮಾವಳಿಯ ಮಾರ್ಗಸೂಚಿಯೇ ಹೇಳುತ್ತದೆ. ಕೊಟೇಶನ್ ಕೊಡುವವರು ಇದರ ಸುದ್ದಿಯನ್ನೇ ಎತ್ತದಿದ್ದರೆ ಅಲ್ಲೇ ಒಂದು ಅಂಕ ಕಳೆಯಿರಿ.

ಈ ಭಾಗದಲ್ಲಿ ಮಳೆನೀರು ಸೀಮೆಸುಣ್ಣದ ಬಂಡೆಯೊಳಗೆ ಇಳಿದು, ಸುಣ್ಣ ಕರಗಿಸಿಕೊಂಡು ಅಂತರ್ಜಲ ಸೇರುತ್ತದೆ. ಮ್ಯಾಂಚೆಸ್ಟರ್‌ನಲ್ಲಿರುವ ನನ್ನ ಭಾವಮೈದನ ಕೆಟಲ್ ಇವತ್ತಿಗೂ ಕನ್ನಡಿಯ ಹಾಗಿದೆ. ಅಲ್ಲಿಗೆ 1894ರಿಂದಲೂ ಲೇಕ್ ಡಿಸ್ಟ್ರಿಕ್ಟಿನ ಮೆದು ನೀರು ಬರುತ್ತಿದೆ. ಹಾಗಾಗಿ ಅವನ ಬಾಯ್ಲರ್ ಸಲಹೆ ನಿಮಗೆ ನಡೆಯುವುದಿಲ್ಲ.

ನನ್ನ ಮನೆಯ ಲೆಕ್ಕ ಹೇಳುತ್ತೇನೆ. ಗಡಸುತನ 280 ಅಂತಿಟ್ಟುಕೊಳ್ಳಿ, ನಾಲ್ಕು ಜನ ದಿನಕ್ಕೆ 150 ಲೀಟರ್ ಬಿಸಿನೀರು ಬಳಸುತ್ತೇವೆ ಅನ್ನಿ. ದಿನಕ್ಕೆ 42 ಗ್ರಾಂ ಆಯಿತು. ವರ್ಷಕ್ಕೆ 15 ಕಿಲೋ ಸುಣ್ಣ ಆ ಬಾಯ್ಲರ್ ಮೂಲಕ ಹಾದುಹೋಗುತ್ತದೆ. ಬಹುಪಾಲು ನೀರಿನ ಜೊತೆ ಹೊರಗೆ ಹೋಗುತ್ತದೆ ನಿಜ. ಉಳಿದುಕೊಳ್ಳುವ ಚೂರುಪಾರೇ ಬಾಯ್ಲರ್ ಕೆಡಿಸಲು ಸಾಕು.

ಹಂತ 2: ಕೆಟ್ಟಿರುವುದು ಬಾಯ್ಲರೋ, ಅದರ ಗಂಟಲೋ?

ಕಾಂಬಿಯೊಳಗೆ ಎರಡು ಬೇರೆ ಬೇರೆ ನೀರಿವೆ. ರೇಡಿಯೇಟರ್‌ಗಳಲ್ಲಿ ಸುತ್ತುವ ನೀರು ಮುಚ್ಚಿದ ಸುತ್ತಿನದು, ಅದೇ ನೀರು ವರ್ಷಗಟ್ಟಲೆ ತಿರುಗುತ್ತಿರುತ್ತದೆ. ಅದರಲ್ಲಿದ್ದ ಸುಣ್ಣ ಒಂದು ಸಲ ಕಟ್ಟಿ ಮುಗಿಯಿತು. ಅಲ್ಲಿನ ಶತ್ರು ತುಕ್ಕಿನ ಕಪ್ಪು ಕೆಸರು. ನಲ್ಲಿಗೆ ಬರುವ ಬಿಸಿನೀರು ಮಾತ್ರ ದಿನಾ ಹೊಸದು, ದಿನಾ ಹೊಸ ಸುಣ್ಣ ತರುತ್ತದೆ. ಅದು ಬಿಸಿಯಾಗುವ ಜಾಗಕ್ಕೆ ಪ್ಲೇಟ್ ಹೀಟ್ ಎಕ್ಸ್‌ಚೇಂಜರ್ ಅನ್ನುತ್ತಾರೆ. ತೆಳು ಉಕ್ಕಿನ ಹಾಳೆಗಳನ್ನು ಒತ್ತೊತ್ತಾಗಿ ಜೋಡಿಸಿದ, ದಪ್ಪ ಪುಸ್ತಕದಷ್ಟು ದೊಡ್ಡ ಒಂದು ಭಾಗ ಅದು. ಹಾಳೆಗಳ ನಡುವಿನ ಸಂದು ತೀರಾ ಕಿರಿದು. ಸುಣ್ಣ ಕಟ್ಟುವುದು ಅಲ್ಲಿ.

ನಮ್ಮ ಹಳೆ ಬಾಯ್ಲರಿನ ಆ ಭಾಗವನ್ನು ಇಂಜಿನಿಯರ್ ಬಿಚ್ಚಿ, ಸಿಂಕ್ ಮೇಲೆ ಹಿಡಿದು ಸ್ಕ್ರೂಡ್ರೈವರ್ ಹಿಡಿಯಿಂದ ಎರಡು ಸಲ ತಟ್ಟಿದ. ಮೊಟ್ಟೆ ಸಿಪ್ಪೆಯಂಥ ಬಿಳಿ ಚೂರುಗಳು ಉದುರಿದವು. ಕೈಗೆತ್ತಿಕೊಂಡರೆ ಕಲ್ಲಿನ ಹಾಗೆ ಭಾರ. ಬಾಯಿಟ್ಟು ಊದಿ ನೋಡಿ ಅಂತ ಕೊಟ್ಟ. ಉಸಿರು ಆಚೆ ಹೋಗಲೇ ಇಲ್ಲ.

ಆದ್ದರಿಂದ ಬಾಯ್ಲರ್ ಬದಲಿಸುವ ಮಾತಿಗೆ ಮುಂಚೆ ಈ ಲಕ್ಷಣಗಳನ್ನು ಗಮನಿಸಿ. ರೇಡಿಯೇಟರ್‌ಗಳು ಚೆನ್ನಾಗಿ ಬಿಸಿಯಾಗುತ್ತಿವೆ, ನಲ್ಲಿಯ ನೀರು ಮಾತ್ರ ಬಿಸಿ ಆಗಿ, ತಣ್ಣಗಾಗಿ, ಮತ್ತೆ ಬಿಸಿಯಾಗುತ್ತಿದೆ. ಅಥವಾ ಬಿಸಿನೀರು ಬಿಟ್ಟಾಗ ಬಾಯ್ಲರ್ ಒಳಗಿನಿಂದ ಕೆಟಲ್ ಕುದಿಯುವಂಥ ಗುರುಗುರು ಸದ್ದು. ಅಥವಾ ತಣ್ಣೀರ ನಲ್ಲಿ ಜೋರಾಗಿದ್ದು, ಪಕ್ಕದ ಬಿಸಿನೀರ ನಲ್ಲಿ ವರ್ಷದಿಂದ ವರ್ಷಕ್ಕೆ ಸೊರಗುತ್ತಿದೆ. ಇವೆಲ್ಲ ಪ್ಲೇಟ್ ಕಟ್ಟಿಕೊಂಡ ಸೂಚನೆ. ಅದೊಂದನ್ನೇ ಬದಲಿಸಬಹುದು. ಹೊಸ ಬಾಯ್ಲರ್‌ಗೆ ಆಗುವ ಎರಡು ಮೂರು ಸಾವಿರ ಪೌಂಡಿನ ಮುಂದೆ ಆ ಖರ್ಚು ಏನೂ ಅಲ್ಲ. ಬಿಸಿನೀರ ನಲ್ಲಿ ಬಿಟ್ಟಾಗ ರೇಡಿಯೇಟರ್ ಬೆಚ್ಚಗಾದರೆ ಅನುಮಾನ ಡೈವರ್ಟರ್ ವಾಲ್ವ್ ಮೇಲೆ, ಅಂದರೆ ಬಿಸಿಯನ್ನು ರೇಡಿಯೇಟರ್ ಕಡೆಗೋ ನಲ್ಲಿಯ ಕಡೆಗೋ ತಿರುಗಿಸುವ ಭಾಗದ ಮೇಲೆ. ಅದೂ ರಿಪೇರಿಯೇ.

ಅದಕ್ಕೂ ಮೊದಲು ಶವರ್ ತಲೆ ಬಿಚ್ಚಿ ಒಂದು ರಾತ್ರಿ ವಿನೆಗರ್‌ನಲ್ಲೋ ನಿಂಬೆ ಉಪ್ಪಿನ ನೀರಿನಲ್ಲೋ ನೆನೆಹಾಕಿ. ಬಾಯ್ಲರ್ ತಪ್ಪಿಲ್ಲದೆ ಬೈಸಿಕೊಂಡ ಮನೆಗಳನ್ನು ನೋಡಿದ್ದೇನೆ. ಆದರೆ ಬಾಯ್ಲರಿನ ಕವಚಕ್ಕೆ ಮಾತ್ರ ಕೈ ಹಾಕಬೇಡಿ. ಹಲವು ಮಾದರಿಗಳಲ್ಲಿ ಹೊಗೆ ಮನೆಯೊಳಗೆ ಬರದಂತೆ ತಡೆಯುವ ಬಿಗಿ ಮುಚ್ಚಳದ ಭಾಗವೇ ಆ ಕವಚ.

ಇನ್ನು ಬದಲಿಸಲೇಬೇಕಾದ ಸಂದರ್ಭಗಳು: ಉರಿಯ ಶಾಖ ನೀರಿಗೆ ತಾಗುವ ಮುಖ್ಯ ಹೀಟ್ ಎಕ್ಸ್‌ಚೇಂಜರ್ ಸೋರುತ್ತಿರುವುದು, ಬಿಡಿಭಾಗ ತಯಾರಿಕೆ ನಿಂತಿರುವುದು, ಒಂದೇ ಚಳಿಗಾಲದಲ್ಲಿ ಮೂರನೇ ರಿಪೇರಿ. ಬದಲಿಸುವುದೇ ಆದರೆ ಬೇಸಿಗೆಯಲ್ಲಿ ಬದಲಿಸಿ. ಜನವರಿಯಲ್ಲಿ ನಡುಗುತ್ತಾ ಕೂತವರು ಚೌಕಾಸಿ ಮಾಡಲಾರರು. ನಾವೂ ಮಾಡಲಿಲ್ಲ.

ಹಂತ 3: ಬಕೆಟ್ ತನ್ನಿ

ಈ ಬರಹದಲ್ಲಿ ಒಂದನ್ನೇ ಮಾಡುವುದಾದರೆ ಇದನ್ನು ಮಾಡಿ. ಹತ್ತು ಲೀಟರ್ ಗುರುತಿರುವ ಬಕೆಟ್ ತೆಗೆದುಕೊಳ್ಳಿ. ಮನೆಯಲ್ಲಿ ಬೇರೆಲ್ಲ ನಲ್ಲಿ ನಿಲ್ಲಿಸಿ, ಅಡುಗೆಮನೆಯ ತಣ್ಣೀರ ನಲ್ಲಿಯನ್ನು ಪೂರ್ತಿ ತಿರುಗಿಸಿ, ಬಕೆಟ್ ತುಂಬಲು ಎಷ್ಟು ಸೆಕೆಂಡ್ ಬೇಕು ನೋಡಿ. 600ನ್ನು ಆ ಸೆಕೆಂಡಿನಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಲೀಟರ್ ಅಂತ ಬರುತ್ತದೆ. ನಮಗೆ 45 ಸೆಕೆಂಡ್ ಆಯಿತು, ಅಂದರೆ ನಿಮಿಷಕ್ಕೆ 13.3 ಲೀಟರ್. ಬೆಳಿಗ್ಗೆ ಏಳೂವರೆಗೆ, ಬೀದಿಯವರೆಲ್ಲ ಸ್ನಾನ ಮಾಡುವ ಹೊತ್ತಲ್ಲಿ ಇನ್ನೊಂದು ಸಲ ಅಳೆಯಿರಿ. ಕಡಿಮೆ ಬಂದ ಅಂಕಿಯೇ ನಿಮ್ಮದು.

ಕಾಂಬಿಯಲ್ಲಿ ನೀರು ಕೂಡಿಡುವ ತೊಟ್ಟಿ ಇಲ್ಲ. ಬೀದಿಯ ಪೈಪಿನಿಂದ ಬಂದಷ್ಟೇ ನೀರು ಬಿಸಿಯಾಗಿ ನಲ್ಲಿಗೆ ಬರುತ್ತದೆ. ಬಾಯ್ಲರ್ ಎಷ್ಟೇ ದೊಡ್ಡದಿರಲಿ, ಒಂದು ತೊಟ್ಟನ್ನೂ ತಾನಾಗಿ ಸೇರಿಸುವುದಿಲ್ಲ. ಹರಿವು ತೀರಾ ಕಡಿಮೆ ಬಂದರೆ ಮೊದಲು ಸ್ಟಾಪ್‌ಕಾಕ್, ಅಂದರೆ ಮನೆಗೆ ನೀರು ಬರುವ ಮುಖ್ಯ ವಾಲ್ವ್, ಪೂರ್ತಿ ತೆರೆದಿದೆಯೇ ನೋಡಿ. ನಮ್ಮದು ಅರ್ಧ ಮುಚ್ಚಿತ್ತು. ಹಿಂದಿನ ಮಾಲೀಕರು ಯಾವಾಗ ಮುಚ್ಚಿದ್ದರೋ ಏನೋ.

ಹಂತ 4: ಎಷ್ಟು ಕಿಲೋವ್ಯಾಟ್?

ಮೊದಲು ಬಂದ ಮಾರಾಟಗಾರ ಹಾಲ್‌ನಲ್ಲಿ ಕೂತು, ಮನೆಯಲ್ಲಿ ಎಷ್ಟು ಜನ ಅಂತ ಕೇಳಿ, 40 ಕಿಲೋವ್ಯಾಟಿನದೇ ಬೇಕು ಅಂದ. ನಲ್ಲಿ ತಿರುಗಿಸಿಯೂ ನೋಡಲಿಲ್ಲ. ಅವನನ್ನು ಕಳಿಸಿದ ಮೇಲೆ ನಾನು ಮಾಡಿದ ಲೆಕ್ಕ ಇದು.

ಚಳಿಗಾಲದಲ್ಲಿ ಬೀದಿ ನೀರು ಸುಮಾರು 5 ಡಿಗ್ರಿ ಇರುತ್ತದೆ. ಸ್ನಾನಕ್ಕೆ 40 ಬೇಕು. ಅಂದರೆ 35 ಡಿಗ್ರಿ ಏರಿಸಬೇಕು. ಕಿಲೋವ್ಯಾಟನ್ನು 14.3ರಿಂದ ಗುಣಿಸಿ 35ರಿಂದ ಭಾಗಿಸಿ, ನಿಮಿಷಕ್ಕೆ ಎಷ್ಟು ಲೀಟರ್ ಅಂತ ಸಿಗುತ್ತದೆ. 24 ಕಿಲೋವ್ಯಾಟ್ ಸುಮಾರು 9.8 ಲೀಟರ್ ಕೊಡುತ್ತದೆ, 30 ಕಿಲೋವ್ಯಾಟ್ 12.3, 35 ಕಿಲೋವ್ಯಾಟ್ 14.3, 40 ಕಿಲೋವ್ಯಾಟ್ 16.3. ನನ್ನ ಪೈಪಿನಿಂದ ಬರುವುದೇ 13.3. ಹಾಗಿದ್ದರೆ 40 ಕಿಲೋವ್ಯಾಟ್ ತಗೊಂಡು ಏನು ಮಾಡಲಿ? 30 ಸಾಕಾಯಿತು.

ಕರಪತ್ರದ ಅಂಕಿ ನೋಡುವಾಗ ಕೆಳಗಿನ ಸಣ್ಣಕ್ಷರ ಓದಿ. ಕೆಲವರು 35 ಡಿಗ್ರಿ ಏರಿಕೆಗೆ ಹರಿವು ಹೇಳುತ್ತಾರೆ, ಕೆಲವರು 30ಕ್ಕೆ. 30ಕ್ಕೆ ಹೇಳಿದರೆ ಅದೇ ಬಾಯ್ಲರ್ ಎರಡು ಲೀಟರ್ ಹೆಚ್ಚು ಕೊಡುವಂತೆ ಕಾಣುತ್ತದೆ.

ಮನೆ ಬೆಚ್ಚಗಿಡಲು ಬೇಕಾಗುವ ಶಕ್ತಿ ಇದಕ್ಕಿಂತ ಬಹಳ ಕಡಿಮೆ. ಸಾಧಾರಣ ಮೂರು ಮಲಗುವ ಕೋಣೆಯ ಮನೆಗೆ ಕೊರೆಯುವ ಚಳಿಯ ದಿನವೂ ಹತ್ತು ಕಿಲೋವ್ಯಾಟಿನೊಳಗೆ ಮುಗಿಯುವುದುಂಟು. ಆದ್ದರಿಂದ ಗರಿಷ್ಠದ ಜೊತೆ ಕನಿಷ್ಠ ಶಕ್ತಿಯನ್ನೂ ಕೇಳಿ. 3 ಕಿಲೋವ್ಯಾಟಿಗೆ ಇಳಿಯಬಲ್ಲ ಬಾಯ್ಲರ್ ಸಣ್ಣ ಉರಿಯಲ್ಲಿ ಹದವಾಗಿ ಓಡುತ್ತದೆ. 8ಕ್ಕಿಂತ ಇಳಿಯದ್ದು ಹತ್ತಿ ಆರಿ, ಹತ್ತಿ ಆರಿ ಗ್ಯಾಸನ್ನೂ ಭಾಗಗಳನ್ನೂ ಸವೆಸುತ್ತದೆ.

ಎರಡು ಶವರ್ ಒಟ್ಟಿಗೆ ನಡೆಯಬೇಕು ಅನ್ನುವ ಮನೆಯಾದರೆ ಕಾಂಬಿಯೇ ತಪ್ಪು ಆಯ್ಕೆ ಇರಬಹುದು. ಬಿಸಿನೀರಿನ ಸಿಲಿಂಡರ್ ಇರುವ ವ್ಯವಸ್ಥೆಯನ್ನೂ ವಿಚಾರಿಸಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹೀಟ್ ಪಂಪಿಗೆ (ಹೊರಗಿನ ಗಾಳಿಯಿಂದಲೋ ನೆಲದಿಂದಲೋ ಶಾಖ ತೆಗೆದು ಮನೆ ಬಿಸಿಮಾಡುವ ವಿದ್ಯುತ್ ಯಂತ್ರಕ್ಕೆ) 2023ರ ಅಕ್ಟೋಬರ್‌ನಿಂದ ಸರ್ಕಾರದ 7,500 ಪೌಂಡ್ ಸಹಾಯಧನ ಬಂದಿದೆ. ಸಿಲಿಂಡರ್‌ಗೆ ಜಾಗ ಇದ್ದರೆ ಆ ಕೊಟೇಶನ್ನೂ ಒಂದು ತರಿಸಿ ನೋಡುವುದರಲ್ಲಿ ನಷ್ಟವಿಲ್ಲ. ನಮ್ಮಲ್ಲಿ ಜಾಗ ಇರಲಿಲ್ಲ.

ಹಂತ 5: ನೀರಿಗೆ ಏನು ಮಾಡುತ್ತೀರಿ?

ದುಡ್ಡು ಹಾಕಬೇಕಾದ್ದು ಇಲ್ಲಿ. ದೊಡ್ಡ ಬಾಯ್ಲರ್‌ಗೆ ಕೊಡುವ ಹೆಚ್ಚುವರಿ ಹಣವನ್ನು ಇಲ್ಲಿಗೆ ತಿರುಗಿಸಿ.

ನಿಜವಾಗಿ ಸುಣ್ಣವನ್ನು ನೀರಿನಿಂದ ತೆಗೆಯುವುದು ಉಪ್ಪಿನ ಸಾಫ್ಟ್‌ನರ್ ಒಂದೇ. ಅದರೊಳಗಿನ ರಾಳದ ಮಣಿಗಳು ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿಟ್ಟು ಬದಲಿಗೆ ಸೋಡಿಯಂ ಬಿಡುತ್ತವೆ. ಮಣಿಗಳು ದಣಿದಾಗ ಉಪ್ಪುನೀರು ಹರಿದು ಅವನ್ನು ತೊಳೆಯುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ನೆಲಮಾಳಿಗೆಯಲ್ಲಿ ಬೋರ್ ನೀರಿಗೆ ಕೂರಿಸುವ ದೊಡ್ಡ ಸಾಫ್ಟ್‌ನರ್ ನೋಡಿದ್ದೀರಲ್ಲ, ಅದೇ ತತ್ವ, ಇಲ್ಲಿ ಸಿಂಕಿನ ಕೆಳಗೆ ಹಿಡಿಸುವ ಪೆಟ್ಟಿಗೆಯಲ್ಲಿ. ಮೂರು ವಿಷಯ ಮರೆಯಬೇಡಿ. ಅಡುಗೆಮನೆಯಲ್ಲಿ ಕುಡಿಯುವುದಕ್ಕೆ ಒಂದು ನಲ್ಲಿಗೆ ಮೂಲ ನೀರೇ ಬರಲಿ. ಹಸುಗೂಸಿಗೆ ಪುಡಿ ಹಾಲು ಕಲಸುವ, ರಕ್ತದೊತ್ತಡಕ್ಕೆ ಉಪ್ಪು ಕಡಿಮೆ ಮಾಡಿರುವ ಮನೆಯಲ್ಲಿ ಇದು ಕಡ್ಡಾಯ. ಎರಡನೆಯದು, ಸಾಫ್ಟ್‌ನರಿನ ಹರಿವು ನಿಮ್ಮ ಬಕೆಟ್ ಅಂಕಿಗಿಂತ ಕಡಿಮೆ ಇರಬಾರದು. ಸಣ್ಣ ಕೊಳವೆ ಹಾಕಿ ಹರಿವನ್ನೇ ಕಿತ್ತುಕೊಂಡರೆ ಮಾಡಿದ್ದೆಲ್ಲ ವ್ಯರ್ಥ. ಮೂರನೆಯದನ್ನು ಇನ್‌ಸ್ಟಾಲರ್‌ಗಳೇ ಮರೆಯುತ್ತಾರೆ: ರೇಡಿಯೇಟರ್ ಸುತ್ತಿಗೆ ಮೆದುಗೊಳಿಸಿದ ನೀರು ತುಂಬಬಹುದೇ ಎಂದು ಬಾಯ್ಲರಿನ ಕೈಪಿಡಿ ನೋಡಿ. ಮುಖ್ಯ ಹೀಟ್ ಎಕ್ಸ್‌ಚೇಂಜರ್ ಅಲ್ಯೂಮಿನಿಯಂನದಾದರೆ ಹಲವು ತಯಾರಕರು ಬೇಡ ಅನ್ನುತ್ತಾರೆ. ಆಗ ಸಾಫ್ಟ್‌ನರಿನ ಬೈಪಾಸ್ ತಿರುಗಿಸಿ ಮೂಲ ನೀರನ್ನೇ ತುಂಬಬೇಕು. ಸ್ಟೇನ್‌ಲೆಸ್ ಸ್ಟೀಲಿನದಾದರೂ ಕೈಪಿಡಿ ಏನನ್ನುತ್ತದೋ ಅದೇ ಅಂತಿಮ.

ಸಾಫ್ಟ್‌ನರ್‌ಗೆ ಜಾಗವಿಲ್ಲ, ಉಪ್ಪು ಹೊರಲು ಆಗಲ್ಲ ಅನ್ನುವವರಿಗೆ ಪಾಲಿಫಾಸ್ಫೇಟ್ ಡೋಸರ್ ಇದೆ. ಬಾಯ್ಲರ್‌ಗೆ ಹೋಗುವ ತಣ್ಣೀರ ಪೈಪಿನಲ್ಲಿ ಕೂರುವ ಸಣ್ಣ ಕಾರ್ಟ್ರಿಜ್. ಇದು ಸುಣ್ಣ ತೆಗೆಯುವುದಿಲ್ಲ, ಗಟ್ಟಿಯಾಗಿ ಅಂಟದಂತೆ ತಡೆಯುತ್ತದೆ. ಕಾರ್ಟ್ರಿಜ್ ಬದಲಿಸುವ ದಿನವನ್ನು ಫೋನಿನಲ್ಲಿ ನೆನಪಿಗೆ ಹಾಕಿಡಿ. ಖಾಲಿಯಾದ ಮೇಲೆ ಅದು ಬರೀ ಪ್ಲಾಸ್ಟಿಕ್ ಡಬ್ಬ. ನಮ್ಮ ಹಳೆ ಬಾಯ್ಲರಿನ ಕೆಳಗೂ ಅಂಥ ಒಂದು ಇತ್ತು, ಒಳಗೆ ಏನೂ ಇರಲಿಲ್ಲ.

ಇನ್ನು ಪೈಪಿಗೆ ಕಟ್ಟುವ ಆಯಸ್ಕಾಂತ, ತಂತಿ ಸುತ್ತುವ ಎಲೆಕ್ಟ್ರಾನಿಕ್ ಪೆಟ್ಟಿಗೆ. ಅಗ್ಗ, ಹತ್ತು ನಿಮಿಷದಲ್ಲಿ ಹಾಕುತ್ತಾರೆ, ಅದಕ್ಕೇ ಕೊಟೇಶನ್‌ಗಳಲ್ಲಿ ಇದೇ ಹೆಚ್ಚು ಕಾಣುತ್ತದೆ. ಪರೀಕ್ಷೆಗಳ ಫಲಿತಾಂಶ ಒಂದೇ ರೀತಿ ಇಲ್ಲ. 280ರ ನೀರಿಗೆ ಇದೊಂದನ್ನೇ ನಂಬಿ ನನ್ನ ದುಡ್ಡು ನಾನು ಹಾಕುವುದಿಲ್ಲ.

ಹಂತ 6: ಕೊಟೇಶನ್ ಓದುವುದು

ಮೂವರನ್ನು ಮನೆಗೆ ಕರೆಸಿ. ಫೋಟೋ ಕಳಿಸಿ ಅನ್ನುವವರಿಗಿಂತ ಮನೆಗೆ ಬಂದು ಗ್ಯಾಸ್ ಮೀಟರಿನಿಂದ ಬಾಯ್ಲರ್‌ವರೆಗೆ ಪೈಪನ್ನು ಕಣ್ಣಿಂದ ಹಿಂಬಾಲಿಸುವವರು ಮೇಲು. ಹೊಸ ಕಾಂಬಿ ಪೂರ್ತಿ ಉರಿಯುವಾಗ ಮೀಟರಿನಿಂದ ಬಾಯ್ಲರ್‌ಗೆ ಗ್ಯಾಸಿನ ಒತ್ತಡ 1 ಮಿಲಿಬಾರ್‌ಗಿಂತ ಹೆಚ್ಚು ಕುಸಿಯಬಾರದು. ಹಳೆಯ 15 ಮಿಲಿಮೀಟರ್ ಪೈಪು ಸಾಕಾಗದೆ 22ಕ್ಕೆ ಬದಲಿಸಬೇಕಾಗುವುದು ಸಾಮಾನ್ಯ. ಕೊಟೇಶನ್‌ನಲ್ಲಿ ಅದಿಲ್ಲದೆ ಕೆಲಸದ ದಿನ "ಇನ್ನೊಂದು ಐನೂರು ಆಗುತ್ತೆ" ಅಂದರೆ ನಿಮಗೆ ಬೇರೆ ದಾರಿ ಇರುವುದಿಲ್ಲ.

ಇಂಜಿನಿಯರ್ ಗ್ಯಾಸ್ ಸೇಫ್ ನೋಂದಣಿ ಇರುವವರೇ ಆಗಿರಬೇಕು. 2009ರ ಏಪ್ರಿಲ್‌ನಿಂದ ಗ್ಯಾಸ್ ಕೆಲಸ ಮಾಡುವವರ ಅಧಿಕೃತ ಪಟ್ಟಿ ಇದೇ. ಕಾರ್ಡ್ ಕೇಳಲು ಸಂಕೋಚ ಬೇಡ. ಮುಂದೆ ಫೋಟೋ, ಮುಗಿಯುವ ದಿನಾಂಕ, ಹಿಂದೆ ಯಾವ ಯಾವ ಕೆಲಸಕ್ಕೆ ಅರ್ಹತೆ ಅಂತ ಇರುತ್ತದೆ. ಎಲ್ಲರೂ ಮುಂದಿನದನ್ನು ನೋಡುತ್ತಾರೆ, ನೀವು ಹಿಂದೆ ತಿರುಗಿಸಿ ನೋಡಿ.

ಕೊಟೇಶನ್‌ನಲ್ಲಿ ಇವು ಇವೆಯೇ ಹುಡುಕಿ: ರೇಡಿಯೇಟರ್ ಸುತ್ತನ್ನು ತೊಳೆಯುವುದು, ತುಕ್ಕು ತಡೆಯುವ ರಾಸಾಯನಿಕ ಹಾಕುವುದು, ಕೆಸರು ಹಿಡಿಯುವ ಫಿಲ್ಟರ್. ಬಿಎಸ್ 7593 ಎಂಬ ಬ್ರಿಟಿಷ್ ಮಾನದಂಡದ 2019ರ ಆವೃತ್ತಿ ಇವನ್ನು ಕೇಳುತ್ತದೆ. ಬಾಯ್ಲರಿನ ಹೊಗೆ ತಣಿದು ಆಗುವ ನೀರನ್ನು ಹೊರಹಾಕುವ ಕಂಡೆನ್ಸೇಟ್ ಪೈಪು ಮನೆಯ ಹೊರಗೆ ಹೋಗುವುದಾದರೆ ಅದು 32 ಮಿಲಿಮೀಟರಿನದಾಗಿದ್ದು ಮೇಲೆ ಹೊದಿಕೆ ಇರಬೇಕು. ಸಣ್ಣ ಪೈಪು ಹಿಮದ ರಾತ್ರಿ ಹೆಪ್ಪುಗಟ್ಟಿ ಬಾಯ್ಲರ್ ನಿಂತುಬಿಡುತ್ತದೆ. ಇಂಗ್ಲೆಂಡಿನಲ್ಲಿ ಹೊಸ ಬಾಯ್ಲರ್ ಹಾಕಿದರೆ ಆ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಬೇಕು.

2018ರ ಏಪ್ರಿಲ್‌ನಿಂದ ಇಂಗ್ಲೆಂಡಿನಲ್ಲಿ ಕಾಂಬಿ ಬದಲಿಸುವಾಗ ಇಂಧನ ಉಳಿಸುವ ಒಂದು ಹೆಚ್ಚುವರಿ ವ್ಯವಸ್ಥೆಯೂ ಬೇಕು. ಫೋನ್ ಆ್ಯಪ್ ಇರುವ ಸ್ಮಾರ್ಟ್ ಥರ್ಮೋಸ್ಟಾಟ್ ಹಾಕಿ ಮುಗಿಸುವುದು ವಾಡಿಕೆ. ನನ್ನ ಒಲವು ಲೋಡ್ ಅಥವಾ ವೆದರ್ ಕಾಂಪೆನ್ಸೇಶನ್ ಕಡೆಗೆ. ಇದರಲ್ಲಿ ಕಂಟ್ರೋಲರ್ ಬಾಯ್ಲರಿಗೆ ಬರೀ "ಹೊತ್ತಿಕೋ, ಆರಿಹೋಗು" ಅನ್ನುವುದಿಲ್ಲ, ಕೋಣೆಯ ಅಥವಾ ಹೊರಗಿನ ಚಳಿ ನೋಡಿ ಎಷ್ಟು ಬಿಸಿ ಸಾಕು ಎಂದು ಹೇಳುತ್ತದೆ. ಅದೇ ತಯಾರಕರ ಕಂಟ್ರೋಲರ್ ತೆಗೆದುಕೊಂಡರೆ ತಾಳೆಯಾಗುವ ತಲೆನೋವು ತಪ್ಪುತ್ತದೆ.

ಬ್ರಾಂಡಿನ ಸರದಿ ಈಗ ಬಂತು. ವೋರ್ಸೆಸ್ಟರ್ ಬಾಷ್, ವೈಲಂಟ್, ಐಡಿಯಲ್, ಬ್ಯಾಕ್ಸಿ, ವೀಸ್‌ಮನ್ ಎಲ್ಲವೂ ಇಲ್ಲಿ ಓಡುತ್ತಿವೆ. ನಿಮ್ಮ ಇಂಜಿನಿಯರ್ ದಿನಾ ಹಾಕುವ, ನಿಮ್ಮೂರಲ್ಲಿ ಬಿಡಿಭಾಗ ಸಿಗುವ ಯಾವುದಾದರೂ ಆದೀತು. ವಾರಂಟಿ ಹತ್ತು ವರ್ಷ ಅಂತ ದೊಡ್ಡಕ್ಷರದಲ್ಲಿರುತ್ತದೆ. ಸುಣ್ಣದಿಂದಾದ ಹಾನಿಗೆ ಅದು ಅನ್ವಯಿಸುವುದಿಲ್ಲ ಎಂಬುದು ಒಳಗಡೆ ಎಲ್ಲೋ ಇರುವುದೇ ಹೆಚ್ಚು. ವರ್ಷಕ್ಕೊಮ್ಮೆ ಸರ್ವಿಸ್ ತಪ್ಪಿಸಿದರೂ ಹೋಯಿತು. ಸಹಿ ಹಾಕುವ ಮುಂಚೆ ಆ ಪುಟ ಕೇಳಿ ತರಿಸಿಕೊಳ್ಳಿ.

ಹಂತ 7: ಹಾಕಿದ ದಿನ

ಇಂಜಿನಿಯರ್ ಹೊರಡುವ ಮುಂಚೆ ಅವರ ಜೊತೆ ನಿಂತು ಮೂರು ಸೆಟ್ಟಿಂಗ್ ಬದಲಿಸಿ. ನಲ್ಲಿಯ ಬಿಸಿನೀರು 48ರಿಂದ 50 ಡಿಗ್ರಿಗೆ ಇರಲಿ. ನೀರು ಹೆಚ್ಚು ಬಿಸಿಯಾದಷ್ಟೂ ಸುಣ್ಣ ಬೇಗ ಕಟ್ಟುತ್ತದೆ. 60ಕ್ಕೆ ಕಾಯಿಸಿ ಆಮೇಲೆ ತಣ್ಣೀರು ಬೆರೆಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಇದು ಒಳಗೆ ತೊಟ್ಟಿ ಇಲ್ಲದ ಕಾಂಬಿಗೆ ಹೇಳಿದ ಮಾತು. ನೀರು ಕೂಡಿಡುವ ಮಾದರಿಯಾದರೆ ರೋಗಾಣು ಬೆಳೆಯದಂತೆ 60 ಬೇಕು.

ಎರಡನೆಯದು ಪ್ರೀಹೀಟ್. ನಲ್ಲಿ ತಿರುಗಿಸಿದ ಕೂಡಲೇ ಬಿಸಿನೀರು ಬರಲಿ ಅಂತ ಪ್ಲೇಟನ್ನು ದಿನವಿಡೀ ಬಿಸಿಯಾಗಿಡುವ ಸೌಕರ್ಯ ಇದು. ಗಡಸು ನೀರಿನ ಊರಲ್ಲಿ ಸುಣ್ಣಕ್ಕೆ ಹಾಸಿಗೆ ಹಾಸಿಕೊಟ್ಟ ಹಾಗೆ. ಆಫ್ ಮಾಡಿ. ಕೆಲವು ಸೆಕೆಂಡ್ ಕಾಯುವುದು ಒಂದು ವಾರದಲ್ಲಿ ರೂಢಿಯಾಗುತ್ತದೆ.

ಮೂರನೆಯದು ರೇಡಿಯೇಟರ್‌ಗೆ ಹೋಗುವ ನೀರಿನ ಉಷ್ಣತೆ. 75ರಲ್ಲೇ ಬಿಟ್ಟು ಹೋಗುವವರಿದ್ದಾರೆ. 55ರಿಂದ 60ಕ್ಕೆ ಇಳಿಸಿ ಮನೆ ಬೆಚ್ಚಗಾಗುತ್ತದೆಯೇ ನೋಡಿ. ವಾಪಸು ಬರುವ ನೀರು 55ಕ್ಕಿಂತ ತಣ್ಣಗಿದ್ದರೇನೇ ಕಂಡೆನ್ಸಿಂಗ್ ಬಾಯ್ಲರ್ ತನ್ನ ಹೆಸರಿಗೆ ತಕ್ಕಂತೆ ಹೊಗೆಯಲ್ಲಿನ ಶಾಖವನ್ನೂ ಹಿಡಿಯುವುದು.

ಕೆಲಸ ಮುಗಿದ ಮೇಲೆ ಭರ್ತಿ ಮಾಡಿದ ಬೆಂಚ್‌ಮಾರ್ಕ್ ಪಟ್ಟಿ, ಅಂದರೆ ಬಾಯ್ಲರನ್ನು ಸರಿಯಾಗಿ ಹಾಕಿ ಚಾಲೂ ಮಾಡಿದ ದಾಖಲೆ, ಕೈಗೆ ಬರಬೇಕು. ಕಟ್ಟಡ ನಿಯಮದ ಪ್ರಮಾಣಪತ್ರ ಆಮೇಲೆ ಬರುತ್ತದೆ. ಮನೆ ಮಾರುವಾಗ ವಕೀಲರು ಕೇಳುವುದು ಅದನ್ನೇ, ಫೈಲಿಗೆ ಹಾಕಿಡಿ. ವಾರಂಟಿ ನೋಂದಣಿ ಯಾರು ಮಾಡುತ್ತಾರೆಂದು ಅವತ್ತೇ ಇತ್ಯರ್ಥ ಮಾಡಿಕೊಳ್ಳಿ.

ಕೊನೆಗೆ ಮತ್ತೆ ಬಕೆಟ್. ಹೊಸ ಬಾಯ್ಲರ್ ಹಾಕಿದ ವಾರ ಅಡುಗೆಮನೆಯ ಬಿಸಿನೀರ ನಲ್ಲಿಯಿಂದ ಹತ್ತು ಲೀಟರ್ ಹಿಡಿದು ಸೆಕೆಂಡ್ ಬರೆದಿಡಿ, ವರ್ಷಕ್ಕೊಮ್ಮೆ ಸರ್ವಿಸ್ ದಿನ ಪುನಃ ಅಳೆದು ಪಕ್ಕಕ್ಕೆ ಬರೆಯಿರಿ. ಅಂಕಿ ಏರತೊಡಗಿದರೆ ಶವರ್ ತಣ್ಣಗಾಗುವ ಮೊದಲೇ ಸುಣ್ಣ ಕಟ್ಟುತ್ತಿರುವುದು ಗೊತ್ತಾಗುತ್ತದೆ. ನಮ್ಮ ಬಾಯ್ಲರ್ ಕಪಾಟಿನ ಬಾಗಿಲ ಒಳಗಡೆ ಪೆನ್ಸಿಲಿನಲ್ಲಿ ಮೂರು ಸಾಲು ಇವೆ: 48, 48, 49. ಅದರ ಕೆಳಗೆ, ಉಪ್ಪು ತರಬೇಕಾದ ತಾರೀಕು.